ಬೇಟ್‌ಕಾಸ್ಟರ್ ಡೈರಿ: ಆರನೇ ವಾರ, ಇನ್ನೂ ಹೆಬ್ಬೆರಳಿನ ಪಾಠ

ಬೇಟ್‌ಕಾಸ್ಟರ್ ಅಂದರೆ ಗಾಳದ ಕೋಲಿಗೆ ಕೂರಿಸುವ ಒಂದು ಬಗೆಯ ರೀಲ್; ಅದರಲ್ಲಿ ಎಸೆಯುವುದನ್ನು ಕಲಿಯುತ್ತಿದ್ದೇನೆ. ಕೆಂಗೇರಿ ಮನೆಯ ಟೆರೇಸ್ ಮೇಲೆ ಈ ವಾರವೂ ನೀರಿಲ್ಲದ ಮೀನುಗಾರಿಕೆ. ದಾರದ ತುದಿಗೆ 14 ಗ್ರಾಂ ತೂಕದ ಗುಂಡು, ಆ ಮೂಲೆಯಲ್ಲಿ ಒಂದು ಹಳೇ ಟೈರು. ಟೈರಿನೊಳಗೆ ಬೀಳಿಸಬೇಕು. ಇಪ್ಪತ್ತಕ್ಕೆ ಏಳು ಬಿತ್ತು. ಒಂದು ಪಕ್ಕದ ಮನೆಯ ಬಟ್ಟೆ ತಂತಿಗೆ ಸುತ್ತಿಕೊಂಡಿತು. ಆ ವಿಷಯ ಬೇಡ.

ನಾಲ್ಕು ವರ್ಷದಿಂದ ಬಳಸುತ್ತಿದ್ದ ಸ್ಪಿನ್ನಿಂಗ್ ರೀಲ್ ಪಾಪದ ಪ್ರಾಣಿ. ಬೇಲ್ ಅನ್ನೋ ತಂತಿಯ ಕಮಾನು ಎತ್ತಿ, ದಾರವನ್ನು ತೋರುಬೆರಳಿಗೆ ಸಿಕ್ಕಿಸಿ, ಬೀಸಿ ಬಿಟ್ಟರೆ ಆಯ್ತು. ದಾರ ಸುತ್ತಿರುವ ಸ್ಪೂಲ್ ಅಲ್ಲಾಡುವುದಿಲ್ಲ, ದಾರ ಮಾತ್ರ ಸುರುಳಿ ಸುರುಳಿಯಾಗಿ ಬಿಚ್ಚಿಕೊಳ್ಳುತ್ತದೆ. ಬೇಟ್‌ಕಾಸ್ಟರ್‌ನಲ್ಲಿ ಹಾಗಲ್ಲ, ಹಾರುವ ಲ್ಯೂರ್ (ಮೀನಿಗೆ ಒಡ್ಡುವ ಹುಸಿ ಆಮಿಷ) ಸ್ಪೂಲನ್ನೇ ಎಳೆದು ತಿರುಗಿಸಬೇಕು. ಎದುರುಗಾಳಿಗೆ ಲ್ಯೂರ್ ನಿಧಾನವಾಗುತ್ತದೆ, ಸ್ಪೂಲ್ ಮಾತ್ರ ಓಡುತ್ತಲೇ ಇರುತ್ತದೆ. ಹೆಬ್ಬೆರಳು ತಡೆಯಲಿಲ್ಲ ಅಂದ್ರೆ ಒಳಗೆ ದಾರ ಸಿಕ್ಕಾಗಿ ಗುಬ್ಬಚ್ಚಿ ಗೂಡು!

ಮೊದಲ ವಾರಗಳಲ್ಲಿ ಸೇಫ್ಟಿ ಪಿನ್ ಹಿಡಿದು ನೀರಿನ ಟ್ಯಾಂಕ್ ಪಕ್ಕ ಅರ್ಧ ಗಂಟೆ ಕೂತು ಗಂಟು ಬಿಡಿಸುತ್ತಿದ್ದೆ. ಈಗ ಒಂದು ಉಪಾಯ ಸಿಕ್ಕಿದೆ. ಸ್ಪೂಲನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು, ಹ್ಯಾಂಡಲ್ ಎರಡು ಮೂರು ಸುತ್ತು ತಿರುಗಿಸಿ, ಆಮೇಲೆ ದಾರ ಎಳೆಯುವುದು. ಸಣ್ಣ ಗೂಡಾದರೆ ಬಹುಪಾಲು ಬಿಟ್ಟುಕೊಳ್ಳುತ್ತದೆ.

ನನ್ನ ತಪ್ಪೂ ಇತ್ತು. ಸ್ಪೂಲನ್ನು ಬಿಗಿ ಮಾಡುವ ಟೆನ್ಷನ್ ತಿರುಪನ್ನು ಮುಟ್ಟಿಯೇ ಇರಲಿಲ್ಲ. ಸ್ಪೂಲನ್ನು ಸಡಿಲ ಬಿಡುವ ಬಟನ್ ಒತ್ತಿದರೆ ಲ್ಯೂರ್ ನಿಧಾನಕ್ಕೆ ಇಳಿಯಬೇಕು, ನೆಲ ಮುಟ್ಟಿದ ಕೂಡಲೇ ಸ್ಪೂಲ್ ನಿಲ್ಲಬೇಕು. ಲ್ಯೂರ್ ಬದಲಿಸಿದಾಗಲೆಲ್ಲ ಇದನ್ನು ಮತ್ತೆ ನೋಡಬೇಕು. ಸ್ಪೂಲಿನ ವೇಗ ತಗ್ಗಿಸುವ ಮ್ಯಾಗ್ನೆಟ್ ಬ್ರೇಕನ್ನೂ ಸದ್ಯ ಜಾಸ್ತಿಯಲ್ಲೇ ಇಟ್ಟಿದ್ದೇನೆ. ದೂರ ಕಡಿಮೆಯಾದರೂ ಮರ್ಯಾದೆ ಉಳಿಯುತ್ತದೆ.

ಭಾನುವಾರ ಮಾಗಡಿ ಕಡೆ ಒಂದು ಕೆರೆ. ಮೀನಿನ ಹರಾಜು ಹಿಡಿದವರನ್ನು ಕೇಳಿಯೇ ಇಳಿದೆವು. ಎರಡೂ ರೀಲ್ ಒಯ್ದಿದ್ದೆ. ಜಿಲೇಬಿ ಮೀನಿಗೆ 3 ಗ್ರಾಂ ಜಿಗ್ಗನ್ನು (ತೂಕ ಕೂರಿಸಿದ ಕೊಕ್ಕೆ) ಬೇಟ್‌ಕಾಸ್ಟರ್‌ನಲ್ಲಿ ಎಸೆದರೆ ಕಾಲ ಬುಡದಲ್ಲೇ ಬಿತ್ತು. ಅಷ್ಟು ಹಗುರದ್ದಕ್ಕೆ ನನ್ನ ಸ್ಪೂಲ್ ಏಳುವುದೇ ಇಲ್ಲ. ಅದೇ ಜಿಗ್ ಸ್ಪಿನ್ನಿಂಗ್‌ನಲ್ಲಿ ಸರಾಗವಾಗಿ ಹೋಯಿತು, ಅಂಗೈಯಗಲದ ನಾಲ್ಕು ಸಿಕ್ಕವು.

ಕೊರವ ಮೀನಿನ ಕಥೆ ಬೇರೆ. ಅದು ಅಂತರಗಂಗೆಯ ಸಂದಿನಲ್ಲಿ ಕೂರುತ್ತದೆ. 40 ಪೌಂಡ್ ತಾಳುವ ಬ್ರೇಡ್ (ಹೆಣೆದ ದಾರ), ರಬ್ಬರ್ ಕಪ್ಪೆ, ಬೇಟ್‌ಕಾಸ್ಟರ್. ಎಲೆಗಳ ನಡುವೆ ಕೊಡದ ಬಾಯಷ್ಟು ಖಾಲಿ ಜಾಗ ಕಂಡಿತು. ಕಪ್ಪೆ ಹಾರುತ್ತಿರುವಾಗಲೇ ಹೆಬ್ಬೆರಳು ಮೆಲ್ಲಗೆ ಒತ್ತಿದೆ, ಅಲ್ಲೇ ಇಳಿಯಿತು. ಸ್ಪಿನ್ನಿಂಗ್‌ನಲ್ಲಿ ಇಷ್ಟು ಕರಾರುವಾಕ್ಕಾಗಿ ನಾನು ಯಾವತ್ತೂ ಎಸೆದಿಲ್ಲ. ಎರಡು ಸಲ ಕುಣಿಸಿದೆ. ಗ್ಳಪ್!

ತಡೀಲಾರದೆ ತಕ್ಷಣ ಎಳೆದೆ. ಕಪ್ಪೆ ಬಾಯಿಂದ ಜಾರಿ, ನೀರಿಂದ ಹಾರಿ, ನನ್ನ ಟೋಪಿಗೆ ಬಡಿಯಿತು. ಕಚ್ಚಿದ ಮೇಲೆ ಒಂದೆರಡು ಎಣಿಸಿ ಎಳೆಯಬೇಕು ಅಂತ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ಮುಂದಿನ ಭಾನುವಾರ ಅದೇ ಸಂದಿಗೆ ಹೋಗುತ್ತೇನೆ.