ಅಡ್ಡಕ್ಕೆ ಜಾರುವ ಗಂಟು

ಇವತ್ತು ಡಾಕ್ಟರು ಚಿಕ್ಕಪ್ಪನ ಮುಂಗೈ ಗಂಟನ್ನು ಬೆರಳಲ್ಲಿ ತಳ್ಳಿ ನೋಡಿದರು. ಎಡಕ್ಕೆ, ಬಲಕ್ಕೆ ಜಾರುತ್ತದೆ. ಮೇಲಕ್ಕೆ, ಕೆಳಕ್ಕೆ ಮಾತ್ರ ಜಪ್ಪಯ್ಯ ಅಂದರೂ ಅಲ್ಲಾಡುವುದಿಲ್ಲ. ಮೆಲ್ಲಗೆ ತಟ್ಟಿದರೆ ಕಿರುಬೆರಳಿನವರೆಗೂ ಜುಮ್ ಅಂತ ಕರೆಂಟು!

ಶ್ವಾನೋಮಾ ಇರಬಹುದಂತೆ. ನರದ ಹೊದಿಕೆಯ ಶ್ವಾನ್ ಕೋಶಗಳಿಂದ ಬೆಳೆಯುವ ಗೆಡ್ಡೆ. ನರಕ್ಕೇ ಅಂಟಿರುವುದರಿಂದ ಉದ್ದಕ್ಕೆ ಸರಿಯುವುದಿಲ್ಲ. ಕ್ಯಾನ್ಸರ್ ಅಲ್ಲ, ಬೆಳೆಯುವುದೂ ನಿಧಾನ. (ಚಿಕ್ಕಮ್ಮನಿಗೆ ಅಷ್ಟು ಕೇಳಿದ್ದೇ ಸಾಕಾಯ್ತು.)

ಕುತ್ತಿಗೆ, ಕೈಕಾಲು, ಬೆನ್ನುಹುರಿಯಿಂದ ಹೊರಡುವ ನರಗಳು, ಹೀಗೆ ಎಲ್ಲೆಲ್ಲೋ ಬರುತ್ತದೆ. ಕಿವಿಯಿಂದ ಮೆದುಳಿಗೆ ಹೋಗುವ 8ನೇ ನರದಲ್ಲಿ ಬಂದರೆ ಹೊರಗೆ ಗಂಟೇ ಕಾಣುವುದಿಲ್ಲ. ಒಂದೇ ಕಿವಿ ಮಂದವಾಗುತ್ತದೆ, ಒಳಗೆ ಗುಂಯ್ ಅನ್ನುತ್ತದೆ. ವಯಸ್ಸಾಯ್ತು ಅಂತ ಸುಮ್ನಿರುವವರೇ ಜಾಸ್ತಿ, ಅಲ್ವಾ?

ಫೋನನ್ನು ಯಾವಾಗಲೂ ಬಲಗಿವಿಗೇ ಹಿಡಿಯುವ ನಮ್ಮತ್ತೆ ನೆನಪಾದರು. ಸಂಜೆ ಕೇಳಬೇಕು.