ಆರು ಸಾವಿರ ಗುಂಡುಪಿನ್ನು

ಚಿತ್ರದುರ್ಗದ ದೊಡ್ಡಪೇಟೆಯಲ್ಲಿ ನನ್ನದೊಂದು ಚಿಕ್ಕ ಬ್ಲೌಸ್ ಹೊಲಿಯುವ ಅಂಗಡಿ. ಗಿರಾಕಿ ಕಮ್ಮಿ ಇದ್ದಾಗ ಮೊಬೈಲಲ್ಲಿ ಹಳೇ ಕಾಗದಪತ್ರ ಓದುವ ಚಟ. ಈಗ ಹಿಡಿದಿರುವುದು ಅಬಿಗೇಲ್ ಆಡಮ್ಸ್ ಗಂಡನಿಗೆ ಬರೆದ ಪತ್ರಗಳು. ಮುಂದೆ ಅಮೆರಿಕದ ಎರಡನೇ ಅಧ್ಯಕ್ಷನಾದ ಜಾನ್ ಆಡಮ್ಸ್‌ನ ಹೆಂಡತಿ ಈಕೆ.

1775ರ ಜೂನ್. ಆಳುತ್ತಿದ್ದ ಬ್ರಿಟಿಷರ ಮೇಲೆ ಅಮೆರಿಕದ ವಸಾಹತುಗಳ ಯುದ್ಧ ಶುರುವಾಗಿದೆ. ಜಾನ್ ಫಿಲಡೆಲ್ಫಿಯಾದಲ್ಲಿ ವಸಾಹತುಗಳ ಪ್ರತಿನಿಧಿಗಳ ಸಭೆಯಾದ ಕಾಂಗ್ರೆಸ್ಸಿಗೆ ಹೋಗಿದ್ದಾನೆ. ಬಾಸ್ಟನ್ ಪಕ್ಕದ ಬ್ರೇನ್‌ಟ್ರೀಯಲ್ಲಿ ಹೊಲ, ಮನೆ, ನಾಲ್ಕು ಮಕ್ಕಳು, ಎಲ್ಲ ಈಕೆಯ ತಲೆ ಮೇಲೆ. ಆಗ ಆಕೆ ಗಂಡನಿಗೆ ಹೇಳಿ ಕಳಿಸಿದ್ದು ಏನು ಗೊತ್ತಾ? ಒಂದು ಕಟ್ಟು ಗುಂಡುಪಿನ್ನು. ಒಂದು ಕಟ್ಟಿಗೆ ಆರು ಸಾವಿರ. ಮೊದಲು ಏಳೂವರೆ ಶಿಲ್ಲಿಂಗಿಗೆ ಸಿಗುತ್ತಿದ್ದದ್ದು ಈಗ 20 ಶಿಲ್ಲಿಂಗ್, ಅಷ್ಟು ಕೊಟ್ಟರೂ ಸಿಗಲ್ಲ ಅಂತ ಬರೆಯುತ್ತಾಳೆ. ಪಿನ್ನು ಬರುತ್ತಿದ್ದದ್ದೇ ಇಂಗ್ಲೆಂಡಿನಿಂದ. ಅಲ್ಲಿನ ಸಾಮಾನು ತರಿಸಬಾರದು ಅಂತ ವಸಾಹತಿನವರೇ ನಿಲ್ಲಿಸಿದ್ದರು. ಪಿನ್ನಿಲ್ಲದೆ ಅಳತೆಗೆ ಬಟ್ಟೆ ಕೂರಿಸುವುದು ಎಂಥ ಕಷ್ಟ ಅಂತ ನನಗೆ ಗೊತ್ತು.

ಮಾರನೇ ದಿನವೇ ಬಾಸ್ಟನ್ ಹತ್ತಿರ ಬ್ರಿಟಿಷರ ಜೊತೆ ಬಂಕರ್ ಹಿಲ್ ಕಾಳಗ. ಏಳು ವರ್ಷದ ಮಗ ಜಾನ್ ಕ್ವಿನ್ಸಿಯನ್ನು ಕರೆದುಕೊಂಡು ಗುಡ್ಡ ಹತ್ತಿ, ಚಾರ್ಲ್ಸ್‌ಟೌನ್ ಉರಿಯುವುದನ್ನು ನೋಡಿದಳು. ಆ ಹುಡುಗನ ಬೆರಳು ಕತ್ತರಿಸದೆ ಉಳಿಸಿಕೊಟ್ಟಿದ್ದ ಡಾಕ್ಟರ್ ಜೋಸೆಫ್ ವಾರೆನ್ ಅವತ್ತೇ ಸತ್ತ. ಅಕ್ಟೋಬರಿನಲ್ಲಿ ರಕ್ತಭೇದಿಗೆ ಅಮ್ಮನನ್ನೂ ಕಳಕೊಂಡಳು. ಮರುವರ್ಷ ಜುಲೈಯಲ್ಲಿ ಮಕ್ಕಳನ್ನೆಲ್ಲ ಬಾಸ್ಟನ್‌ಗೆ ಕರೆದೊಯ್ದು ಸಿಡುಬು ಹಾಕಿಸಿದಳು. ಆಗ ಇನ್ನೂ ಲಸಿಕೆ ಇರಲಿಲ್ಲ. ರೋಗಿಯ ಗುಳ್ಳೆಯ ಕೀವನ್ನೇ ಚರ್ಮಕ್ಕೆ ಸೇರಿಸುತ್ತಿದ್ದರು. ಮಗ ಚಾರ್ಲ್ಸ್‌ಗೆ ಜೋರಾಗಿಯೇ ಎದ್ದಿತು. ಸ್ವಾತಂತ್ರ್ಯ ಘೋಷಣೆ ಓದಿದ್ದನ್ನು ಆಕೆ ಬಾಸ್ಟನ್ನಿನಲ್ಲಿ ಕೇಳಿದ್ದು ಇದೇ ಗಡಿಬಿಡಿಯ ನಡುವೆ.

ನನಗೆ ಜಾಸ್ತಿ ಇಷ್ಟವಾದದ್ದು 1777ರ ಕಾಫಿ ಗಲಾಟೆ. ಬಾಸ್ಟನ್ನಿನ ಒಬ್ಬ ಜಿಪುಣ ವ್ಯಾಪಾರಿ ಕಾಫಿ ಕೂಡಿಟ್ಟುಕೊಂಡು, ಪೌಂಡಿಗೆ 6 ಶಿಲ್ಲಿಂಗಿಗಿಂತ ಕಮ್ಮಿಗೆ ಕೊಡಲ್ಲ ಅಂದನಂತೆ. ನೂರು, ಇಲ್ಲವೇ ಇನ್ನೂ ಹೆಚ್ಚು ಹೆಂಗಸರು ಬಂಡಿ ಹೊಡೆದುಕೊಂಡು ಹೋಗಿ ಗೋದಾಮಿನ ಬೀಗದ ಕೈ ಕೇಳಿದರು. ಕೊಡಲಿಲ್ಲ. ಒಬ್ಬಳು ಅವನ ಕುತ್ತಿಗೆ ಹಿಡಿದು ಬಂಡಿಗೆ ಎಸೆದಳು. ಆಮೇಲೆ ಕೊಟ್ಟ. ಕಾಫಿ ಹೇರಿಕೊಂಡು ಹೊರಟೇಬಿಟ್ಟರು. ಗಂಡಸರು ಸುಮ್ನೆ ನಿಂತು ನೋಡುತ್ತಿದ್ದರಂತೆ. ನಮ್ಮ ಸಂತೇಪೇಟೆಯಲ್ಲೂ ನಿಂತು ನೋಡುತ್ತಿದ್ದರು ಬಿಡಿ.

ಇದೇ ಯುದ್ಧ ನಡೆಯುತ್ತಿದ್ದಾಗ, 1779ರಲ್ಲಿ, ನಮ್ಮ ಕೋಟೆ ಹೈದರಾಲಿ ಕೈಸೇರಿತು. ಮದಕರಿ ನಾಯಕನ ಕಥೆ, ಓಬವ್ವನ ಒನಕೆ ಮಕ್ಕಳಿಗೂ ಗೊತ್ತು. ಆ ವರ್ಷ ಪೇಟೆಯಲ್ಲಿ ಜೋಳಕ್ಕೆ ಎಷ್ಟಿತ್ತು, ಉಪ್ಪು ಸಿಗುತ್ತಿತ್ತಾ ಅಂತ ಬರೆದಿಟ್ಟ ಒಬ್ಬ ಅಬಿಗೇಲ್ ಇಲ್ಲೂ ಇದ್ದಿದ್ದರೆ!

ಜಾನ್ 1778ರಲ್ಲಿ ಫ್ರಾನ್ಸಿಗೆ ಹೋದ. ಕಾಗದದ ದುಡ್ಡಿಗೆ ದಿನೇ ದಿನೇ ಬೆಲೆ ಇಳಿಯುತ್ತಿತ್ತು. ದುಡ್ಡಿನ ಬದಲು ಸಾಮಾನು ಕಳಿಸು ಅಂದಳು ಈಕೆ. ಅಲ್ಲಿಂದ ಬಂದ ಕರವಸ್ತ್ರ, ರಿಬ್ಬನ್ನುಗಳನ್ನು ಮಾರಿಸಿ ಮನೆ ನಡೆಸಿದಳು. ಒಳ್ಳೇ ವ್ಯಾಪಾರಸ್ಥೆ.