ಅಡಿಕೆ ಸುಲಿಯುವಾಗ ಸಿಕ್ಕಿದ ಫೋನ್ ನಂಬರ್

ಹೋದ ವರ್ಷ ದಸರೆ ಮುಗಿದ ವಾರ ನನ್ನ ಕೆಲಸ ಹೋಯಿತು. ಶಿವಮೊಗ್ಗ ಹತ್ತಿರದ ಮಾಚೇನಹಳ್ಳಿಯ ಒಂದು ಫೌಂಡ್ರಿಯಲ್ಲಿ, ಅಂದರೆ ಲೋಹ ಕರಗಿಸಿ ಎರಕ ಹೊಯ್ಯುವ ಕಾರ್ಖಾನೆಯಲ್ಲಿ, 11 ವರ್ಷ ಕ್ವಾಲಿಟಿ ವಿಭಾಗದಲ್ಲಿದ್ದೆ. ಆರ್ಡರ್ ಕಡಿಮೆಯಾಯಿತು, ಒಂದು ಶಿಫ್ಟ್ ನಿಲ್ಲಿಸಿದರು.

ನೌಕ್ರಿ, ಲಿಂಕ್ಡ್‌ಇನ್ ಎಲ್ಲ ಕಡೆ ಅರ್ಜಿ ಹಾಕಿದೆ. ಹತ್ತಿರದವರಿಗೆಲ್ಲ ಹೇಳಿದೆ. ಅವರಿಗೆ ನನ್ನ ಮೇಲೆ ಪ್ರೀತಿ ಇತ್ತು. ಆದರೆ ಅವರಿಗೆ ಗೊತ್ತಿದ್ದದ್ದು ನನಗೂ ಗೊತ್ತಿದ್ದ ಜಾಗಗಳೇ. ಜತೆಗೆ ಕೆಲಸ ಮಾಡಿದವರು ತಾವೇ ಹುಡುಕುತ್ತಿದ್ದರು.

ನವೆಂಬರ್ ಕೊನೆಗೆ ಸಾಗರದ ಹತ್ತಿರ ಹೆಂಡತಿಯ ತವರಿಗೆ ಹೋದೆವು. ಅಡಿಕೆ ಕೊಯ್ಲು ನಡೆದಿತ್ತು. ರಾತ್ರಿ ಅಂಗಳದ ಚಪ್ಪರದಲ್ಲಿ ಹತ್ತು ಹನ್ನೆರಡು ಜನ ಮೆಟ್ಟುಗತ್ತಿ ಇಟ್ಟುಕೊಂಡು ಸುಲಿಯುತ್ತಿದ್ದರು. ಪಕ್ಕದ ಮನೆಯ ಅಳಿಯನೂ ಬಂದಿದ್ದರು. ಎರಡು ಮದುವೆಯಲ್ಲಿ ನೋಡಿದ ಮುಖ, ಅಷ್ಟೇ.

"ಈಗ ಎಲ್ಲಿದ್ದೀರಿ ಭಾವ?" ಅಂದರು.

"ಅಲ್ಲೇ" ಅಂದುಬಿಡೋಣ ಅನ್ನಿಸಿತು. ಮಾವನ ಮನೆ ಅಂಗಳದಲ್ಲಿ ಕೂತು ಕೆಲಸ ಹೋಗಿದೆ ಅನ್ನೋದು ಸುಲಭ ಅಲ್ಲ ಅಲ್ವಾ? ಆದರೂ ಹೇಳಿದೆ.

"ನಿಮ್ಮದು ಅಂದರೆ ಏನು ಕೆಲಸ? ಸ್ವಲ್ಪ ಬಿಡಿಸಿ ಹೇಳಿ" ಅಂದರು. ಅಷ್ಟು ದಿನ ನಾನು ಯಾರಿಗೂ ಅದನ್ನು ಬಿಡಿಸಿ ಹೇಳಿರಲೇ ಇಲ್ಲ. ಸುಮ್ನೆ "ಏನಾದ್ರೂ ಇದ್ದರೆ ನೋಡಿ" ಅನ್ನುತ್ತಿದ್ದೆ. ಆ ರಾತ್ರಿ ಹೇಳಿದೆ. ಅಚ್ಚಿನ ಮರಳಿನ ತೇವ ಜಾಸ್ತಿಯಾದರೆ ಎರಕದಲ್ಲಿ ಬ್ಲೋ ಹೋಲ್ ಅನ್ನೋ ಗಾಳಿ ತೂತು ಹೇಗೆ ಬರುತ್ತದೆ, ಸುಲಭಕ್ಕೆ ಒಡೆಯದ ಡಕ್ಟೈಲ್ ಕಬ್ಬಿಣದಲ್ಲಿ ಗ್ರಾಫೈಟ್ (ಇಂಗಾಲ) ಗುಂಡಗೆ ಬಂದಿದೆಯಾ ಅಂತ ಮೈಕ್ರೋಸ್ಕೋಪಿನಲ್ಲಿ ಹೇಗೆ ನೋಡುತ್ತೇವೆ, ಎಲ್ಲ. ಅವರು ಹುಬ್ಬಳ್ಳಿಯ ಒಂದು ಕಂಪನಿಯಲ್ಲಿ ಖರೀದಿ ವಿಭಾಗದವರು. ಸಪ್ಲೈಯರ್‌ಗಳ ಹತ್ತಿರ ಹೋಗಿ ಎರಕ ಪರೀಕ್ಷೆ ಮಾಡುವವರು ಅಲ್ಲಿ ಬೇಕಾಗಿದ್ದರು. ಜಾಹೀರಾತು ಇನ್ನೂ ಹಾಕಿರಲಿಲ್ಲ.

ಅವರು ಕೊಟ್ಟಿದ್ದು ಒಂದು ಫೋನ್ ನಂಬರ್ ಮಾತ್ರ. ಮರುದಿನ ಅವರ ಕ್ವಾಲಿಟಿ ಮುಖ್ಯಸ್ಥರಿಗೆ ಫೋನ್ ಮಾಡಿದೆ. ಕೆಲಸ ಕೊಡಿ ಅನ್ನಲಿಲ್ಲ. ಯಾವ ದೋಷಕ್ಕೆ ಜಾಸ್ತಿ ರಿಜೆಕ್ಟ್ ಆಗುತ್ತಿದೆ ಅಂತ ಕೇಳಿದೆ. ಇಪ್ಪತ್ತು ನಿಮಿಷ ಮಾತಾಡಿದರು. ಇದನ್ನು ವಶೀಲಿ ಅನ್ನುವವರಿದ್ದಾರೆ. ನಾನು ಒಪ್ಪಲ್ಲ. ಇಂಟರ್‌ವ್ಯೂನಲ್ಲಿ ಒಡೆದ ಎರಕವೊಂದನ್ನು ಮೇಜಿನ ಮೇಲಿಟ್ಟು ಕಾರಣ ಕೇಳಿದರು. ಅಲ್ಲಿ ಯಾರ ಹೆಸರೂ ನೆರವಿಗೆ ಬರುವುದಿಲ್ಲ.

ಆಮೇಲೆ ಓದಿ ತಿಳಿಯಿತು, ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲೇ ಇದನ್ನು ಬರೆದಿದ್ದರು: ಕೆಲಸದ ಸುದ್ದಿ ಹತ್ತಿರದವರಿಗಿಂತ ಅಪರೂಪಕ್ಕೆ ಕಾಣುವವರಿಂದ ಬರುವುದು ಹೆಚ್ಚು ಅಂತ. ಪರಿಚಯದವರಿಂದ ಕೆಲಸ ಸಿಕ್ಕ ಕೆಲವರನ್ನು ಬಾಸ್ಟನ್ ಹತ್ತಿರ ಮಾತಾಡಿಸಿದ್ದರಂತೆ. ಆ ಪರಿಚಯದವರನ್ನು ವಾರಕ್ಕೆ ಎರಡು ಸಲವಾದರೂ ಕಾಣುತ್ತಿದ್ದವರು ಶೇ. 17ರಷ್ಟು ಮಾತ್ರ. ವರ್ಷಕ್ಕೊಮ್ಮೆ ಅಥವಾ ಅದಕ್ಕಿಂತ ಕಡಿಮೆ ಕಾಣುತ್ತಿದ್ದವರು ಶೇ. 28ರಷ್ಟು. ಓದುವಾಗ ನನಗೆ ಆ ಚಪ್ಪರವೇ ಕಣ್ಣ ಮುಂದೆ ಬಂತು.

ಜನವರಿಯಲ್ಲಿ ಸೇರಿದೆ. ನನ್ನ ಜತೆ ಕೆಲಸ ಕಳೆದುಕೊಂಡ ಇಬ್ಬರು ಇನ್ನೂ ಹುಡುಕುತ್ತಿದ್ದಾರೆ. ಒಬ್ಬ ಸ್ಪೆಕ್ಟ್ರೋಮೀಟರ್‌ನಲ್ಲಿ ಲೋಹ ಪರೀಕ್ಷೆ ಮಾಡುವವನು, ಏಳು ವರ್ಷದ ಅನುಭವ. ಇನ್ನೊಬ್ಬ ಮರಳು ಪರೀಕ್ಷೆಯಲ್ಲಿ ಪಳಗಿದವನು, ದಾವಣಗೆರೆವರೆಗೂ ಹೋಗಲು ತಯಾರಿದ್ದಾನೆ. ನಿಮಗೆ ಗೊತ್ತಿರುವ ಕಡೆ ಇಂಥವರು ಬೇಕಿದ್ದರೆ ನನಗೆ ತಿಳಿಸಿ.